ಕೆಸರಕ್ಕ ಮತ್ತು ಕೆಳಗಿನ ಮೀಟರು

ತಾಮ್ರ ಕರಗಿಸುವ ಕಾರ್ಖಾನೆಯ ಲ್ಯಾಬಿನಲ್ಲಿ ಸೀಸೆ ತೊಳೆಯಲು ಸೇರಿದವಳು ಪರೀಕ್ಷಕಿಯಾಗುವ ಹೊತ್ತಿಗೆ ಎಲ್ಲರ ಬಾಯಲ್ಲಿ ಕೆಸರಕ್ಕ ಆಗಿಹೋಗಿದ್ದಳು. ಅದಿರು ತೆಗೆದ ಮೇಲೆ ಗಣಿಯವರು ಬಿಸಾಕುವ ಬೂದು ಕೆಸರನ್ನು ಡಬ್ಬಿಗಟ್ಟಲೆ ಹೊತ್ತು ತಂದು, ನೀರಲ್ಲಿ ಕದಡಿ, ಕುಲುಮೆಯ ಸಲ್ಫರ್ ಡೈಆಕ್ಸೈಡ್ ಹೊಗೆಯನ್ನು ಅದರೊಳಗೆ ಹಾಯಿಸಿ ನೋಡುವುದೇ ಅವಳ ಗೀಳು. ಕೆಸರಲ್ಲಿ ಸುಣ್ಣಕಲ್ಲಿನ ಪುಡಿಯಿತ್ತಲ್ಲ, ಹೊಗೆಯ ವಿಷವನ್ನು ಗಟಗಟ ಕುಡಿದುಬಿಡುತ್ತಿತ್ತು.

ಊರು ಉದ್ಧಾರ ಮಾಡುವ ಹುಚ್ಚೇನೂ ಅವಳಿಗಿರಲಿಲ್ಲ. ಇದ್ದದ್ದು ಸೇಡು. ಕುಲುಮೆಯ ಮುಂದೆ ಹದಿನಾರು ವರ್ಷ ದುಡಿದ ಗಂಡ ಕೆಮ್ಮಿ ಕೆಮ್ಮಿ ಸತ್ತಾಗ, "ನಮ್ಮ ಹೊಗೆ ಎಂದೂ ಮಿತಿ ಮೀರಿಲ್ಲ, ಸಾವಿಗೆ ಸಿಗರೇಟು ಕಾರಣ" ಎಂದು ಮ್ಯಾನೇಜರು ಬರೆದು ಸಹಿ ಹಾಕಿದ್ದ. ಥೂ! ಅವಳ ಗಂಡ ಒಂದು ದಿನವಾದರೂ ಸಿಗರೇಟು ಮುಟ್ಟಿದವನಲ್ಲ. ತನಿಖೆಯವರು ಬಂದಾಗಲೆಲ್ಲ ಕುಲುಮೆಯನ್ನು ಅರ್ಧಕ್ಕಿಳಿಸಿ ಹೊಗೆ ಅಳೆಸುತ್ತಿದ್ದದ್ದು ಈ ಮ್ಯಾನೇಜರೇ. ಅದೇ ಕೈಯಿಂದ ನಿಜ ಬರೆಸುತ್ತೇನೆಂದು ಅವಳು ಹಲ್ಲು ಕಚ್ಚಿ ಕೂತಳು.

ಎಂಟು ವರ್ಷವಾದ ಮೇಲೆ ಕಂಪನಿಯ ಮೇಲಿನವರು ಹೊಗೆ ತೊಳೆಯಲೇಬೇಕೆಂದು ಪಟ್ಟು ಹಿಡಿದರು. ಕೆಸರಕ್ಕ ತನ್ನ ಕೆಸರಿನ ಉಪಾಯ ಮುಂದಿಟ್ಟಳು. ಪುಕ್ಕಟೆ ಸಿಗುವ ಕೆಸರೆಂದರೆ ಮ್ಯಾನೇಜರಿಗೆ ಬೇಡವೇ? ಕೆಸರುನೀರು ಚಿಮ್ಮಿಸುವ ಗೋಪುರ ಎದ್ದಿತು, ಅದರ ನೆತ್ತಿಯ ಮೇಲೊಂದು ಮೀಟರು.

"ಸಾರ್, ಹೊಗೆ ಒಳಗೆ ಹೋಗೋ ಕಡೆ, ಕೆಳಗೂ ಒಂದು ಮೀಟರ್ ಬೇಕು," ಅಂದಳು ಕೆಸರಕ್ಕ.

"ಅದ್ಯಾಕಮ್ಮ?"

"ಒಳಗೆ ಎಷ್ಟು ಹೋಯ್ತು ಅಂತ ಗೊತ್ತಾಗ್ದೆ ಎಷ್ಟು ಹಿಡಿದ್ವಿ ಅಂತ ಹೇಗೆ ಹೇಳ್ಕೊಳ್ತೀರಾ? ಕುಲುಮೆ ದಿನಾ ಉರಿಯೋ ಹಾಗೇ ಉರೀಲಿ. ಒಳಗೆ ಜಾಸ್ತಿ ಹೋದಷ್ಟೂ ನಿಮ್ಗೇ ಹೆಸರು."

ಹೊಗಳಿಕೆಗೆ ಜೊಲ್ಲು ಸುರಿಸುವ ಮನುಷ್ಯ ಉಬ್ಬಿಹೋಗಿ ಕೆಳಗೂ ಮೀಟರು ಹಾಕಿಸಿದ. ಅವಳು ಬರೆದುಕೊಟ್ಟ ವರದಿ ಹೀಗಿತ್ತು: "ಇಪ್ಪತ್ತೈದು ವರ್ಷದಿಂದ ಉರಿಯುತ್ತಿರುವಂತೆಯೇ ಕುಲುಮೆ ಉರಿಸಲಾಯಿತು. ಒಳಹೋದ ಹೊಗೆ ಮಿತಿಯ ಹನ್ನೊಂದು ಪಟ್ಟು. ಹೊರಬಂದದ್ದು ಮಿತಿಯ ಅರ್ಧ." ಅವನ ಕಣ್ಣು ಕೊನೆಯ ಸಾಲಿನ ಮೇಲಷ್ಟೇ ಇತ್ತು. ಹಲ್ಲು ಕಿರಿದು ಸಹಿ ಜಡಿದ, ನಾಲ್ಕು ಪ್ರತಿ ಹಂಚಿದ.

ಕೆಸರಕ್ಕ ಒಂದು ಪ್ರತಿಯನ್ನು ಗಂಡನ ಸಾವಿನ ಬಗ್ಗೆ ಮ್ಯಾನೇಜರು ಬರೆದಿದ್ದ ಕಾಗದದ ಜೊತೆಗಿಟ್ಟು ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು.

"ಎರಡರಲ್ಲೂ ನಿಮ್ಮದೇ ಸಹಿ," ಅಂದರು ನ್ಯಾಯಾಧೀಶರು, ಕಟಕಟೆಯಲ್ಲಿ ನಿಂತ ಮ್ಯಾನೇಜರಿಗೆ. "ಇವೆರಡರಲ್ಲಿ ಯಾವುದು ಸುಳ್ಳು?"

ಹೊಸದು ಸುಳ್ಳೆಂದರೆ ಗೋಪುರದ ಕೀರ್ತಿ ಮಣ್ಣುಪಾಲು, ಕೆಲಸವೂ ಹೋಗುತ್ತದೆ. "ಹಳೇದು," ಎಂದು ಮ್ಯಾನೇಜರು ಗೊಣಗಿದ.

ಕೆಸರಕ್ಕನ ಪಕ್ಕದಲ್ಲಿ ಅವಳ ಅತ್ತೆ, ಸತ್ತವನ ತಾಯಿ, ಕೂತಿದ್ದಳು.

"ಸ್ವಲ್ಪ ಜೋರಾಗಿ ಹೇಳಿ ಸಾರ್," ಅಂದಳು ಕೆಸರಕ್ಕ. "ನಮ್ಮತ್ತೆಗೆ ಕಿವಿ ಮಂದ."