ಜಿಮ್ಮಿಯ ಕಾಲು ಮತ್ತು ನನ್ನ ಬಾಯಿ

2022ನೇ ಇಸವಿ. ಸರ್ಕಾರಿ ಪಶುವೈದ್ಯೆಯಾಗಿ ಇಪ್ಪತ್ತೊಂಬತ್ತು ವರ್ಷ ದನ, ಎಮ್ಮೆಗಳ ನಡುವೆ ಕಳೆದು ನಿವೃತ್ತಳಾದ ಮೇಲೆ ಶಿವಮೊಗ್ಗದ ಗೋಪಾಳದಲ್ಲಿ ಎರಡು ಕೋಣೆಯ ಕ್ಲಿನಿಕ್ ಇಟ್ಟುಕೊಂಡಿದ್ದೆ. ಬರುತ್ತಿದ್ದವು ಹೆಚ್ಚಾಗಿ ನಾಯಿಗಳೇ. ನನ್ನ ಕೈಗುಣ ಒಳ್ಳೆಯದು ಎಂದು ಜನ ಹೇಳುತ್ತಿದ್ದರು, ಬಾಯಿ ಮಾತ್ರ ಕೆಟ್ಟದ್ದು ಎಂದೂ ಹೇಳುತ್ತಿದ್ದರು. ಎರಡನ್ನೂ ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಮಾತು ಬಾರದ ಪ್ರಾಣಿಯ ಪರವಾಗಿ ನಾನು ಬೈಯದೆ ಇನ್ನಾರು ಬೈಯಬೇಕು?

ಆ ವರ್ಷ ಜೂನ್‌ನಲ್ಲಿ ಭದ್ರಾವತಿಯಿಂದ ಗಿರಿಜಮ್ಮ ಎಂಬುವವರು ಲ್ಯಾಬ್ರಡಾರ್ ನಾಯಿಯೊಂದನ್ನು ಕರೆತಂದರು. ಹೆಸರು ಜಿಮ್ಮಿ, ನಾಲ್ಕು ವರ್ಷದ ಹೆಣ್ಣು, ತೂಕ ಇಪ್ಪತ್ತೆಂಟು ಕೆ.ಜಿ. ಗಿರಿಜಮ್ಮನ ಗಂಡ ಕಾರ್ಖಾನೆಯಲ್ಲಿ ದುಡಿದವರು. ಮರಿಯಾಗಿದ್ದಾಗ ಅದನ್ನು ಮನೆಗೆ ತಂದವರೂ ಅವರೇ. ತಂದ ವರ್ಷವೇ ತೀರಿಕೊಂಡಿದ್ದರು. ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದ ಮಗ ಮಹೇಶ ತಾಯಿಯನ್ನೂ ನಾಯಿಯನ್ನೂ ಕಾರಿನಲ್ಲಿ ತಂದು ಬಿಟ್ಟು ಆಫೀಸಿಗೆ ಹೋಗುತ್ತಿದ್ದ.

ಜಿಮ್ಮಿಯ ಮುಂಗಾಲುಗಳ ಬೆರಳ ಸಂದು ಬೆಂದ ಹಾಗೆ ಕೆಂಪಾಗಿತ್ತು. ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. ಹುಳಿ ಬಂದ ಹಿಟ್ಟಿನ ವಾಸನೆ. ಹೊಟ್ಟೆಯ ಮೇಲೆ ಕೆರೆದ ಗುರುತು. ಇದನ್ನು ಪೋಡೋಡರ್ಮಟೈಟಿಸ್ ಎನ್ನುತ್ತಾರೆ. ಪಾದದ ಚರ್ಮದ ಉರಿಯೂತ ಎಂದರ್ಥ. ಅಲರ್ಜಿ, ಉಣ್ಣಿ, ಕಜ್ಜಿ, ಫಂಗಸ್ ಹೀಗೆ ಕಾರಣ ಹತ್ತಾರು ಇರಬಹುದು, ಯಾವುದೆಂದು ಹುಡುಕಬೇಕು. ನಾನು ಹುಡುಕಲಿಲ್ಲ. ಮಳೆಗಾಲ, ಕೆಸರು, ಕೊಳೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ತುರಿಕೆಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿ, ಹತ್ತು ದಿನಕ್ಕೆ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟೆ. ಚೀಟಿಯ ಕೆಳಗೆ ‘ಕಾಲು ಸ್ವಚ್ಛವಾಗಿಡಿ’ ಎಂದು ಬರೆದೆ.

ವಾಸಿಯಾಯಿತು. ಜುಲೈನಲ್ಲಿ ಮತ್ತೆ ಬಂತು. ನನ್ನ ಪಿತ್ತ ನೆತ್ತಿಗೇರಿತು.

“ಏನ್ರೀ ಗಿರಿಜಮ್ಮ, ನಾಯೀನ ಚರಂಡೀಲಿ ಬಿಡ್ತೀರೇನ್ರೀ? ಕನ್ನಡದಲ್ಲೇ ಬರ್ದಿದ್ನಲ್ಲ!”

“ಅಲ್ಲ ಡಾಕ್ಟ್ರಮ್ಮ, ನಾನು ದಿನಾ...”

“ಅಲ್ಲ ಗಿಲ್ಲ ಏನೂ ಬೇಡ. ಕಾಲು ನೋಡಿದ್ರೆ ಗೊತ್ತಾಗಲ್ವಾ ನನಗೆ?”

ಮತ್ತೆ ಅದೇ ಇಂಜೆಕ್ಷನ್, ಅದೇ ಮಾತ್ರೆ, ಅದೇ ಸಾಲು. ಈ ಸಲ ಸಾಲಿನ ಅಡಿಗೆ ಗೆರೆ ಎಳೆದೆ. ಆಗಸ್ಟ್‌ನಲ್ಲಿ ಮೂರನೇ ಸಲ ಬಂದಾಗ ಉಗುರಿನ ಬುಡದಲ್ಲಿ ಕೀವಾಗಿತ್ತು, ಜಿಮ್ಮಿ ಬಲಗಾಲು ಊರುತ್ತಲೇ ಇರಲಿಲ್ಲ. ಕಾಯುತ್ತಿದ್ದ ಬೇರೆಯವರ ಎದುರಿಗೇ ಗಿರಿಜಮ್ಮನ ಜನ್ಮ ಜಾಲಾಡಿದೆ. ಅವರು ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದರು.

ಸೆಪ್ಟೆಂಬರ್‌ನಲ್ಲಿ ಮಹೇಶ ಒಬ್ಬನೇ ಬಂದ.

“ಮೇಡಂ, ಬಾಣಂತನ ಮುಗಿಸ್ಕೊಂಡು ನನ್ನ ಹೆಂಡ್ತಿ ಮುಂದಿನ ತಿಂಗಳು ಬರ್ತಾಳೆ. ಐದು ತಿಂಗಳ ಮಗು. ಈ ಹುಣ್ಣಿನ ನಾಯಿ ಮನೇಲಿ ಇಟ್ಕೊಳ್ಳೋಕಾಗಲ್ಲ. ಒಂದು ಇಂಜೆಕ್ಷನ್ ಹಾಕಿ ಮುಗಿಸಿಬಿಡಿ.”

“ಏನ್ ಮಾರಾಯ, ಮನುಷ್ಯನೇನಯ್ಯಾ ನೀನು? ಕಾಲು ಹುಣ್ಣಿಗೆ ಯಾರಾದ್ರೂ ಪ್ರಾಣ ತೆಗೀತಾರಾ?”

“ನಾಲ್ಕು ತಿಂಗಳಿಂದ ನೀವೇ ನೋಡ್ತಿದ್ದೀರಿ. ವಾಸಿ ಆಯ್ತಾ? ನನಗೂ ಖುಷಿ ಅಲ್ಲ ಮೇಡಂ. ಅಮ್ಮ ಊಟ ಬಿಟ್ಟು ಕೂತಿದ್ದಾಳೆ.”

ನಾನು ದನಿ ಇನ್ನೂ ಏರಿಸಿದೆ. ಭಾನುವಾರ ನಾನೇ ಮನೆಗೆ ಬರುತ್ತೇನೆ, ನಿಮ್ಮ ಮನೆಯ ಗಲೀಜನ್ನು ಕಣ್ಣಾರೆ ನೋಡುತ್ತೇನೆ ಎಂದು ಕೂಗಿದೆ. ಒಂದು ತಿಂಗಳು ಟೈಮ್ ಕೊಡುತ್ತೇನೆ ಎಂದು ಹೇಳಿ ಅವನು ಹೋದ.

ಭಾನುವಾರ ಭದ್ರಾವತಿಗೆ ಹೋಗುವ ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಜೋಡಿಸಿಕೊಂಡೇ ಹೋದೆ. ಮನೆಯ ಮುಂದೆ ಕಾರು ನಿಲ್ಲಿಸಿದರೆ, ಅಂಗಳದಲ್ಲಿ ಒಂದು ಒಣ ಎಲೆಯೂ ಬಿದ್ದಿರಲಿಲ್ಲ. ಬಾಗಿಲಿನಿಂದಲೇ ಕಾಣುತ್ತಿದ್ದ ಕೆಂಪು ಗಾರೆಯ ನೆಲ ಫಳಫಳ ಹೊಳೆಯುತ್ತಿತ್ತು. ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಇಟ್ಟುಕೊಂಡಿದ್ದ ಗಿರಿಜಮ್ಮ ಹೊರಗೆ ಬಂದು ಮೆಟ್ಟಿಲ ಪಕ್ಕದ ನಲ್ಲಿ ತೋರಿಸಿದರು.

“ಕಾಲು ತೊಳ್ಕೊಂಡು ಬನ್ನಿ ಡಾಕ್ಟ್ರಮ್ಮ. ಬೇಜಾರು ಮಾಡ್ಕೋಬೇಡಿ, ನಮ್ಮನೇಲಿ ಯಾರೂ ಹಂಗೇ ಒಳಗೆ ಬರಲ್ಲ.”

ತೊಳೆದು, ಗೋಣಿಚೀಲದ ಮೇಲೆ ಒರೆಸಿಕೊಂಡು ಒಳಗೆ ಕಾಲಿಟ್ಟೆ. ಹಿಂದೆಯೇ ಜಿಮ್ಮಿ ಕುಂಟುತ್ತ ಬಂದು ನಲ್ಲಿಯ ಹತ್ತಿರ ನಿಂತಿತು. ಯಾರೂ ಹೇಳದೆ ತಾನಾಗಿಯೇ ಬಲ ಮುಂಗಾಲು ಎತ್ತಿತು. ಗಿರಿಜಮ್ಮ ಬಕೆಟ್ಟಿನ ಬಿಸಿನೀರಿಗೆ ಗಾಯಕ್ಕೆ ಹಾಕುವ ಆ್ಯಂಟಿಸೆಪ್ಟಿಕ್ ಸುರಿದು, ಬೆರಳ ಸಂದಿಗೆಲ್ಲ ಬ್ರಷ್ ಹಾಕಿ ತಿಕ್ಕಿದರು. ನಾಯಿ ಒಂದೊಂದೇ ಕಾಲು ಎತ್ತಿಕೊಟ್ಟಿತು. ನಾಲ್ಕೂ ಮುಗಿದ ಮೇಲೆ, ನೆಕ್ಕಬಾರದೆಂದು, ಒದ್ದೆ ಕಾಲಿಗೇ ಹಳೆಯ ಕಾಲುಚೀಲ ತೊಡಿಸಿ ದಾರ ಕಟ್ಟಿದರು.

ನನ್ನ ಮೈಯೆಲ್ಲ ಉರಿದುಹೋಯಿತು.

“ಅಯ್ಯೋ ಮಾರಾಯ್ತಿ, ಏನಮ್ಮಾ ಇದು! ಒದ್ದೆ ಕಾಲನ್ನ ಹಿಂಗೆ ಚೀಲದಲ್ಲಿ ಕಟ್ಟಿಟ್ರೆ ಕೊಳೀದೆ ಇನ್ನೇನಾಗುತ್ತೆ? ಯಾವ ಬುದ್ಧಿವಂತರು ಹೇಳಿಕೊಟ್ಟಿದ್ದು?”

ಗಿರಿಜಮ್ಮ ಒಳಗೆ ಹೋಗಿ ನನ್ನ ಮೂರು ಚೀಟಿಗಳನ್ನು ತಂದು ಕೈಗಿಟ್ಟರು. ಕಾಲು ಸ್ವಚ್ಛವಾಗಿಡಿ. ಎರಡನೆಯದರಲ್ಲಿ ಒಂದು ಗೆರೆ. ಮೂರನೆಯದರಲ್ಲಿ ಎರಡು ಗೆರೆ, ಜೊತೆಗೆ ಪೆನ್ನು ಒತ್ತಿ ಕಾಗದ ತೂತಾದ ಉದ್ಗಾರ ಚಿಹ್ನೆ.

“ಮೊದ್ಲು ದಿನಕ್ಕೆ ಮೂರು ಸಲ ತೊಳೀತಿದ್ದೆ. ನೀವು ಬೈದ್ರಿ, ಐದು ಸಲ ಮಾಡ್ದೆ. ಮತ್ತೆ ಬೈದ್ರಿ. ಈಗ ಏಳು ಸಲ ತೊಳೀತೀನಿ ಡಾಕ್ಟ್ರಮ್ಮ. ಇನ್ನೂ ಎಷ್ಟು ಸಲ ತೊಳೀಬೇಕು, ಹೇಳಿ.”

“ಮೊದ್ಲೇ ನನಗೆ ಹೇಳಬಾರದಿತ್ತೇನ್ರೀ?”

“ಹೇಳೋಕೆ ನೀವು ಬಿಟ್ರೆ ತಾನೆ?”

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಅಷ್ಟು ಸಿಟ್ಟು ನನಗೆ ಆ ಹಿಂದೆ ಯಾರ ಮೇಲೂ ಬಂದಿರಲಿಲ್ಲ. ಬೈಯೋಣವೆಂದರೆ ಎದುರಿಗೆ ತಪ್ಪಿತಸ್ಥರು ಯಾರೂ ಇರಲಿಲ್ಲ.

ಜೂನ್‌ನಲ್ಲೇ ಮಾಡಬೇಕಿದ್ದ ಪರೀಕ್ಷೆಯನ್ನು ಅವತ್ತು ಮಾಡಿದೆ. ಅಂಟುವ ಟೇಪನ್ನು ಬೆರಳ ಸಂದಿಗೆ ಒತ್ತಿ ತೆಗೆದು, ಕ್ಲಿನಿಕ್ಕಿಗೆ ತಂದು, ಗಾಜಿನ ಸ್ಲೈಡಿಗೆ ಅಂಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಐದು ನಿಮಿಷದ ಕೆಲಸ. ಮಲಸೀಜಿಯಾ ಎಂಬ ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್, ತುಂಬಿಹೋಗಿತ್ತು. ಶುರುವಿಗೆ ಸ್ವಲ್ಪ ಅಲರ್ಜಿ ಇದ್ದಿರಬಹುದು. ಆಮೇಲೆ ಸದಾ ಒದ್ದೆಯಾಗಿದ್ದ ಚರ್ಮದಲ್ಲಿ ಯೀಸ್ಟ್ ಬೆಳೆದಿತ್ತು. ನನ್ನ ಸ್ಟಿರಾಯ್ಡ್ ನಾಲ್ಕು ದಿನ ತುರಿಕೆ ಅಡಗಿಸಿ, ರೋಗದೊಡನೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸಿತ್ತು.

ಗಿರಿಜಮ್ಮನಿಗೆ ಫೋನ್ ಮಾಡಿ ತೊಳೆಯುವುದನ್ನು ನಿಲ್ಲಿಸಲು ಹೇಳಿದೆ.

“ತೊಳೀದೆ ಒಳಗೆ ಹೆಂಗ್ ಬಿಡ್ಲಿ? ದೇವರ ಮನೆ ಇದೆ.”

“ಒಣ ಬಟ್ಟೇಲಿ ಒರೆಸಿ ಬಿಡಿ. ದೇವರ ಮನೆ ಬಾಗಿಲು ಹಾಕ್ಕೊಳ್ಳಿ. ಪಾಪ ಬಂದ್ರೆ ನನಗೇ ಬರ್ಲಿ.”

ಫಂಗಸ್ ಕೊಲ್ಲುವ ಮಾತ್ರೆ, ವಾರಕ್ಕೆ ಎರಡು ಸಲ ಔಷಧಿ ಶಾಂಪೂ, ಹಾಕಿದ ಮೇಲೆ ಟವೆಲ್ಲಿನಿಂದ ಸಂದು ಸಂದೂ ಒಣಗಿಸುವುದು, ಇಷ್ಟೇ ಚಿಕಿತ್ಸೆ. ನಾಲ್ಕನೇ ವಾರಕ್ಕೆ ಜಿಮ್ಮಿ ಕಾಲು ಊರಿ ನಡೆಯಿತು, ಆರನೇ ವಾರಕ್ಕೆ ಹೊಸ ಕೂದಲು ಬಂತು. ಮಗು ಬಂದಾಗ ನಾಯಿ ಮನೆಯಲ್ಲೇ ಇತ್ತು.

ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಕ್ಲಿನಿಕ್ಕಿನ ಕೇಸ್ ಪುಸ್ತಕ ತೆಗೆದು, ಪದೇ ಪದೇ ಕಾಲು ಹುಣ್ಣಿಗೆ ಬಂದು ಆಮೇಲೆ ಬರುವುದನ್ನೇ ನಿಲ್ಲಿಸಿದ್ದ ನಾಯಿಗಳನ್ನು ಹುಡುಕಿದೆ. ವಾಸಿಯಾಗಿರಬೇಕು ಎಂದುಕೊಂಡಿದ್ದೆ. ಶಿವಮೊಗ್ಗದಲ್ಲೇ ಕೋಟೆ ಪ್ರದೇಶದ ಒಬ್ಬರಿಗೆ ಫೋನ್ ಮಾಡಿದೆ. ಅಂಗಡಿ ಇಟ್ಟುಕೊಂಡಿದ್ದವರು, ಅವರ ಕಂದು ಬಣ್ಣದ ನಾಯಿ ಮೂರು ಸಲ ಬಂದಿತ್ತು.

“ವಾಸಿ ಆಗ್ಲಿಲ್ಲ ಮೇಡಂ,” ಎಂದರು ಅವರು. “ನೀವು ಹೇಳಿದ್ರಲ್ಲ, ತೊಳೆದೂ ತೊಳೆದೂ ಸಾಕಾಯ್ತು. ಮತ್ತೆ ಬಂದ್ರೆ ಬೈತೀರಿ ಅಂತ ನಮ್ಮ ಮನೆಯೋರು ಬರೋಕೇ ಒಪ್ಲಿಲ್ಲ. ನಾಯೀನ ಊರ ಹೊರಗೆ ಮಲವಗೊಪ್ಪದ ಆಚೆ ಬಿಟ್ಟು ಬಂದ್ವಿ. ಹೋದ ವರ್ಷ.”

ಎರಡು ಭಾನುವಾರ ಆ ಕಡೆ ಹೋಗಿ ಹುಡುಕಿದೆ. ಸಿಗಲಿಲ್ಲ.

ಕಾಲು ಹುಣ್ಣಿನ ನಾಯಿ ಬಂದರೆ ಈಗ ಮೊದಲು ಟೇಪ್ ಒತ್ತಿ ಸ್ಲೈಡ್ ನೋಡುತ್ತೇನೆ. ಆಮೇಲೆ “ಮನೇಲಿ ಏನೇನು ಮಾಡ್ತೀರಿ, ಎಲ್ಲಾ ಹೇಳಿ” ಎಂದು ಕೇಳಿ, ಅವರು ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಸಿಟ್ಟು ಹೋಗಿಲ್ಲ, ಹಲ್ಲು ಕಚ್ಚಿಕೊಂಡು ಕೂರುತ್ತೇನೆ. ನಾಯಿಯ ಕಾಯಿಲೆಯ ಅರ್ಧ ವಿವರ ಸಾಕಿದವರಿಗೆ ಮಾತ್ರ ಗೊತ್ತಿರುತ್ತದೆ, ಹೆದರಿದವರು ಅದನ್ನು ವೈದ್ಯರಿಗೆ ಹೇಳುವುದಿಲ್ಲ. ಇಷ್ಟನ್ನು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು, ಕೋಟೆಯ ಆ ನಾಯಿಯೂ ಬೇಕಾಯಿತು.