ಒಂದೇ ತುಂಡಿನ ನಂಬರು

ಒಂದು ನಂಬರಿಗೆ ಒಂದೇ ಲಾರಿ. ಇದು ಶಾಲೆಯ ಮುಖ ಕಾಣದವರಿಗೂ ಗೊತ್ತು. ಅದಿರಿನ ಧೂಳು ಬಳ್ಳಾರಿಯನ್ನು ಕೆಂಪಾಗಿಸಿದ ಆ ವರ್ಷಗಳಲ್ಲಿ ಮಾತ್ರ ಗೊತ್ತಿದ್ದವರೆಲ್ಲ ಮರೆತವರ ಹಾಗೆ ಓಡಾಡಿದರು.

ಕೌಸರ್ ಗಾಂಧಿನಗರದ ರೇಡಿಯಂ ಸ್ಟಿಕರ್ ಅಂಗಡಿಯಲ್ಲಿ ಕಂಪ್ಯೂಟರಿಗೆ ಕೂರುತ್ತಿದ್ದಳು. ಸಿರುಗುಪ್ಪದವಳು, ಮದುವೆ ಮುರಿದವಳು. ಅಣ್ಣ ಫಾರೂಕ್ ಹಬ್ಬಕ್ಕೂ ಫೋನು ಮಾಡುತ್ತಿರಲಿಲ್ಲ. ಗಿರಾಕಿಗಳು ಮುಂದಿನ ಮೇಜಿನಲ್ಲೇ ಮಾಲೀಕ ಕೊಟ್ರಬಸಪ್ಪನ ಜೊತೆ ಮಾತಾಡಿ ಹೋಗುವರು. ಹಿಂದಿನ ಗೂಡಿನಲ್ಲಿ ಕೂತವಳನ್ನು ಯಾರೂ ನೋಡುತ್ತಿರಲಿಲ್ಲ. ಬುತ್ತಿ ಬಿಚ್ಚಿದರೆ ಎದುರಿಗೆ ಮಾನಿಟರ್ ಒಂದೇ.

ಕೆಲಸ ಮಾತ್ರ ಅವಳದೇ. ಎರಡು ಆಕಾರ ಒಂದರ ಮೇಲೊಂದು ಹತ್ತಿದ್ದರೆ ಕಟಿಂಗ್ ಯಂತ್ರದ ಬ್ಲೇಡು ನಡುವೆಯೂ ಸೀಳಿ ಸ್ಟಿಕರ್ ಚೂರು ಮಾಡುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ ಆಕಾರ ಬಿಡಿಸುವ ಕೋರೆಲ್ ತಂತ್ರಾಂಶದಲ್ಲಿ ಎರಡನ್ನೂ ಆರಿಸಿ ವೆಲ್ಡ್ ಒತ್ತಬೇಕು. ಒಳಗೆರೆ ಅಳಿದು ಒಂದೇ ಆಕಾರ ಉಳಿಯುತ್ತದೆ. ಕೌಸರ್ ಲಾರಿ ನಂಬರಿನ ಅಂಕಿಗಳ ಬುಡಕ್ಕೆ ಸಣ್ಣ ಪಟ್ಟಿಯೊಂದನ್ನು ಎಳೆದು, ಅದನ್ನೂ ಸೇರಿಸಿ ವೆಲ್ಡ್ ಮಾಡುತ್ತಿದ್ದಳು. ಒಂದು ಅಂಕಿ ಕಿತ್ತು ಬೇರೆಯದು ಅಂಟಿಸುವ ಕಳ್ಳಾಟ ನಡೆಯಬಾರದೆಂದು. ಊರಲ್ಲಿ ಬೇರಾರೂ ಹಾಗೆ ಮಾಡುತ್ತಿರಲಿಲ್ಲ.

ಒಂದು ದಿನ ಕೊಟ್ರಬಸಪ್ಪ, "ಹೋದ ವಾರದ ಅದಿರು ಲಾರಿ ನಂಬರಿಂದು ಫೈಲ್ ಐತಲ್ಲ, ಇನ್ನೊಂದು ಕೊಯ್ಯಿ," ಎಂದ.

"ಹಳೇದಕ್ಕ ಏನಾತಣ್ಣಾ?"

"ಬಿಸಿಲಿಗೆ ಸುಲಕೊಂಡು ಬಂತಂತ."

ಕೊಯ್ದು ಕೊಟ್ಟಳು.

ತಿಂಗಳು ಕಳೆದಿರಲಿಲ್ಲ, ಕರೂರಿನ ಪಕ್ಕೀರಮ್ಮ ಅಂಗಡಿಗೆ ಬಂದಳು. ಕುರುಗೋಡು ರಸ್ತೆಯಲ್ಲಿ ಅವಳ ಗಂಡ ಜೋಗಪ್ಪನ ಸೈಕಲ್ಲಿನ ಮೇಲೆ ಅದಿರು ಲಾರಿ ಹರಿದಿತ್ತು. ಹಿಂದೆ ಕೂತಿದ್ದ ಇವಳು ಉರುಳಿಬಿದ್ದು ಬದುಕಿದಳು, ನಂಬರನ್ನೂ ಅದರ ಬುಡದ ಪಟ್ಟಿಯನ್ನೂ ಕಂಡಳು. ಆ ನಂಬರಿನ ಲಾರಿ ಅವತ್ತು ಅದಿರು ಇಳಿಸಲು ದೂರದ ಬಂದರಿನಲ್ಲಿತ್ತೆಂದು ಅದರ ಮಾಲೀಕ ಠಾಣೆಯಲ್ಲಿ ಕಾಗದ ತೋರಿಸಿದ್ದ.

"ಯವ್ವಾ, ಬುಡಕ್ಕ ಪಟ್ಟಿ ಇರೋ ನಂಬರ ಇಲ್ಲೇ ಮಾಡ್ತಾರಂತ ಡ್ರೈವರೊಬ್ಬ ಹೇಳಿದ. ಇದನ್ನ ಎರಡು ಸಲ ಮಾಡಿಯೇನು?" ಎಂದು ಹಿಂದಿನ ಗೂಡಿನತ್ತ ನೋಡಿ ನಂಬರು ಬರೆದ ಚೀಟಿ ಚಾಚಿದಳು.

ಕೊಟ್ರಬಸಪ್ಪ ಒಳಗೆ ತಿರುಗಿ ಕಣ್ಣು ಬಿಟ್ಟ. "ಕೌಸರ್, ಬಾಯಿಗೂ ವೆಲ್ಡ್ ಹೊಡಕೊಂಡು ಕುಂದ್ರು. ಅದಿರಿನವರ ಲಾರಿ ಓಡಿದ್ರ ನಮ್ಮಿಬ್ಬರ ಮನ್ಯಾಗೂ ಒಲಿ ಉರಿತೈತಿ."

ಅದು ಸುಳ್ಳಾಗಿರಲಿಲ್ಲ. ಆದರೂ ಕೌಸರ್ ಎದ್ದು ಬಂದಳು. "ಹೌದ್ರಿ ಯಮ್ಮಾ, ಎರಡು ಸಲ. ನಾನ ಮಾಡೀನಿ." ಠಾಣೆಗೂ ಹೋಗಿ ಅದನ್ನೇ ಬರೆದು ಸಹಿ ಹಾಕಿದಳು.

ಮರುದಿನ ಅವಳ ಕುರ್ಚಿಯಲ್ಲಿ ಬೇರೆಯವರಿದ್ದರು. ಬಳ್ಳಾರಿಯ ಯಾವ ಅಂಗಡಿಯೂ ಸೇರಿಸಿಕೊಳ್ಳಲಿಲ್ಲ. ಈಗ ಸಿರುಗುಪ್ಪದ ಬಾಡಿಗೆ ಕೋಣೆಯಲ್ಲಿ ಹಳೇ ಕಂಪ್ಯೂಟರಿಟ್ಟುಕೊಂಡು ಲಗ್ನಪತ್ರಿಕೆ ಮಾಡುತ್ತಾಳೆ. ಪತ್ರಿಕೆ ಒಯ್ಯುವವರು ಒಂದನ್ನೂ ಅವಳ ಕೈಗಿಟ್ಟು "ಬರ್ರಿ" ಅನ್ನುವುದಿಲ್ಲ. ಠಾಣೆಯಲ್ಲಿ ಒಬ್ಬಳ ಮಾತು ಸಾಲದಂತೆ.

ಆ ಲಾರಿಗೆ ಡೀಸೆಲ್ ಹಾಕಿದವರು, ಅದನ್ನು ತೂಕಕ್ಕೆ ಹತ್ತಿಸಿದವರು, ಒಂದೇ ದಿನ ಒಂದೇ ನಂಬರನ್ನು ಎರಡು ರಸ್ತೆಯಲ್ಲಿ ಕಂಡು ನಕ್ಕು ಚಹಾ ಕುಡಿದವರು ಇದನ್ನು ಓದುತ್ತಿರುವ ನಿಮ್ಮಲ್ಲೇ ಇದ್ದಾರೆ. ಎದ್ದು ಠಾಣೆಗೆ ಹೋಗಿ. ಕೌಸರ್ ಹಾಕಿದ ಸಹಿಯ ಕೆಳಗೆ ನಿಮ್ಮದೂ ಹಾಕಿ.