ಯಾರನ್ನೂ ನಂಬದ ಮೂಗು
ನಮ್ಮ ಟೊಲೀಡೊದ ವರ್ಕ್‌ಶಾಪಿನಲ್ಲಿ ಕೂಲೆಂಟ್ ನೋಡಿಕೊಳ್ಳುವ ವೆಂಡೆಲ್ ಕುಬಿಯಾಕ್‌ಗೆ ಸೋಮವಾರ ಬಂತೆಂದರೆ ಎಲ್ಲರೂ ಕಳ್ಳರೇ. ಎರಡು ದಿನ ನಿಂತಿದ್ದ ಲೇತುಗಳ ತೊಟ್ಟಿಗೆ ಬಗ್ಗಿ, ಕಬ್ಬಿಣದ ಬಿಸಿ ಆರಿಸುವ ಆ ಹಾಲಿನಂಥ ದ್ರವವನ್ನು, ಸೊಸೆ ಮಾಡಿದ ಸಾರನ್ನು ಅತ್ತೆ ಮೂಸುವಂತೆ ಮೂಸುತ್ತಾನೆ. "ಕೊಳೆತ ಮೊಟ್ಟೆ ವಾಸನೆ! ಯಾವೋನಯ್ಯಾ ಇದಕ್ಕೆ ಕಾಫಿ ಸುರಿದೋನು?" ಎಂದು ನಮ್ಮ ಲೋಟಗಳಲ್ಲಿ ಇಣುಕುತ್ತಾನೆ. ಹೊಗೆಸೊಪ್ಪು ಜಗಿಯುವ ರಸೆಲ್‌ನ ಬಾಯಿ ತೆರೆಸಿ ನೋಡಿದ್ದೂ ಉಂಟು. "ಹೆಂಡ್ತಿ ಮಾಡಿದ ಸೂಪನ್ನೂ ಹಿಂಗೇ ಮೂಸ್ತೀಯೇನಯ್ಯಾ?" ಎಂದು ರಸೆಲ್ ಕೆಣಕಿದರೆ, "ಅವಳು ಅದಕ್ಕೆ ಉಗುಳಲ್ಲ ಕಣೋ" ಎನ್ನುತ್ತಾನೆ. ಯಾರಾದರೂ ಎಣ್ಣೆ ಬೆರೆಸದೆ ತೊಟ್ಟಿಗೆ ಬರೀ ನೀರು ಸುರಿದುಬಿಟ್ಟಾರೆಂದು ನಲ್ಲಿಗೆ ಬೀಗ ಜಡಿದು, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದಾನೆ. ಹನಿಯೊಂದನ್ನು ಅಳತೆಯ ಗಾಜಿಗೆ ಹಚ್ಚಿ, ಎಣ್ಣೆ ಎಷ್ಟು, ನೀರೆಷ್ಟು ಎಂದು ಒಂದು ಕಣ್ಣಲ್ಲಿ ಅದನ್ನೂ ಇನ್ನೊಂದರಲ್ಲಿ ನಮ್ಮನ್ನೂ ನೋಡುತ್ತಾನೆ. ಏಳನೇ ಲೇತಿನ ಬಳಿ ಮಾತ್ರ ಅವನು ಯಾರನ್ನೂ ದೂರುವುದಿಲ್ಲ. ಹಿಂದೆ ಅದನ್ನು ನಡೆಸುತ್ತಿದ್ದವನು ಡ್ವೇನ್. ಒಂದು ಬೇಸಿಗೆಯಿಡೀ, ದ್ರವ ತಗ್ಗಿದಾಗಲೆಲ್ಲ ಎಣ್ಣೆ ಬೆರೆಸಲು ಸೋಮಾರಿತನಪಟ್ಟು ಅದಕ್ಕೆ ಬರೀ ನೀರು ಸುರಿದವನು ವೆಂಡೆಲ್ಲೇ. ತೆಳ್ಳಗಾದ ದ್ರವ ಕೊಳೆಯಿತು. ಅದರ ತುಂತುರನ್ನು ದಿನವೂ ಉಸಿರಾಡಿದ ಡ್ವೇನ್ ಕೆಮ್ಮುತ್ತಲೇ ಮನೆ ಸೇರಿದ, ಇಂದಿಗೂ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ ಇದ್ದಾನೆ. ಆ ತೊಟ್ಟಿಯ ಹನಿಯನ್ನು ವೆಂಡೆಲ್ ತಾನು ನೋಡುವುದಿಲ್ಲ. ಗಾಜನ್ನು ನನ್ನ ಕೈಗೆ ಕೊಟ್ಟು ಗೋಡೆಯತ್ತ ತಿರುಗುತ್ತಾನೆ: "ನೀನೇ ನೋಡಿ ಹೇಳಪ್ಪಾ. ಇದಕ್ಕೆ ನೀರು ಸುರಿದೋನು ನಾನು."